ಎದುರು ಮನೆಯ ಎಸ್. ರಾವ್

ಸಂಜೆ ಕರೆಂಟ್ ಹೋಗಿ, ಕುಕ್ ಟೌನಿನ ನಮ್ಮ ಬೀದಿಯವರೆಲ್ಲ ಗೇಟಿನ ಬಳಿ ನಿಂತಿದ್ದೆವು. ವಿಮಾ ಕಚೇರಿಯಿಂದ ನಿವೃತ್ತರಾಗಿದ್ದ ಎದುರು ಮನೆಯ ಸುಲೋಚನಾ ಮೇಡಂ, ಕಂಪ್ಯೂಟರ್ ಆರಿ ಕೆಲಸ ಅರ್ಧಕ್ಕೆ ನಿಂತ ಸಿಟ್ಟಿನಲ್ಲಿ, ಸಿಡುಕಿದರು: "ಲಿನಕ್ಸ್‌ಗೆ ಒಂದು ಪುಟ್ಟ ಸಿ ಲೈಬ್ರರಿ, ಅಂದ್ರೆ ಎಲ್ಲ ಪ್ರೋಗ್ರಾಮುಗಳೂ ಬಳಸೋ ಕೋಡಿನ ಕಟ್ಟು, ಬರೀತಿದೀವಿ ಕಣ್ರೀ. ಜಾಗ ಉಳೀಲಿ ಅಂತ ನಾನು ಕಿತ್ತುಹಾಕಿದ ಕೋಡನ್ನ ಅವನೊಬ್ಬ ಮತ್ತೆ ತುರುಕ್ತಾನೆ!"

ಆ ಲೈಬ್ರರಿಗೆ ನಾನೂ ಕೋಡ್ ಬರೆಯುತ್ತಿದ್ದೆ. ಅದರ ಇಮೇಲ್ ಗುಂಪಿನಲ್ಲಿ ತಿಂಗಳುಗಟ್ಟಲೆ ನನ್ನೊಡನೆ ಇಂಗ್ಲಿಷಿನಲ್ಲಿ ಜಗಳವಾಡಿದ 'ಎಸ್. ರಾವ್' ಇವರೇ! ಅಮೆರಿಕದ ಯಾರೋ ಪ್ರೊಫೆಸರ್ ಎಂದುಕೊಂಡು ನಾನು 'ಸರ್' ಎಂದೇ ಬರೆಯುತ್ತಿದ್ದೆ.

"ಆ ತುರುಕೋನು ನಾನೇ, ಮೇಡಂ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಳಗೆ ಬಾ. ಮೇಣದಬತ್ತಿ ಹಚ್ತೀನಿ."

ಗುಂಪಿನಲ್ಲಿ ನಮ್ಮ ಇಂಗ್ಲಿಷ್ ಜಗಳ ಈಗಲೂ ನಿಂತಿಲ್ಲ. ಕರೆಂಟ್ ಹೋದಾಗ ಮಾತ್ರ ಬೀದಿ ದಾಟಿ ಹೋಗಿ, ಕನ್ನಡದಲ್ಲಿ ಸೋತು ಬರುತ್ತೇನೆ.