ಬಾಗಿಲ ಹಿಂದೆ ಉಳಿದ ಕೋಲುಗಳು

ವಡೋದರಾದ ಬಾಡಿಗೆ ಮನೆಯಲ್ಲಿ ಐದು ವರ್ಷ ನನ್ನ ಜೊತೆಗಿದ್ದ ಗೆಳತಿ ನಮ್ಮ ಧಾರವಾಡದ ಕಡೆಯವಳೇ. ಬೆಟ್ಟ ಹತ್ತುವ ಹುಚ್ಚು ಇಬ್ಬರಿಗೂ ಸಮಸಮ. ಹೋದಲ್ಲೆಲ್ಲ ಒಂದೇ ಟೆಂಟನ್ನು ಪಾಲು ಮಾಡಿ ಹೊರುತ್ತಿದ್ದೆವು. ಬಟ್ಟೆ, ಗೂಟ, ಹಗ್ಗ ನನ್ನ ಚೀಲದಲ್ಲಿ, ಟೆಂಟನ್ನು ಎತ್ತಿ ನಿಲ್ಲಿಸುವ ಕೋಲುಗಳು ಅವಳದರಲ್ಲಿ. ಕಳೆದ ವರ್ಷ ಮದುವೆಯಾಗಿ ಸೂರತ್‌ಗೆ ಹೋದಳು. ರೈಲಿನಲ್ಲಿ ಎರಡು ತಾಸಿನ ದಾರಿ, ಆದರೂ ಹಿಮಾಚಲದ ಚಾರಣಕ್ಕೆ ಈ ಸಲ ಬರಲಾಗದು ಎಂದಳು. ನಾನೊಬ್ಬಳೇ ಹೋಗಬೇಕು, ಇಲ್ಲವೇ ರಜೆಯೆಲ್ಲ ಮನೆಯಲ್ಲಿ ಬಿದ್ದಿರಬೇಕು.

ಹಳೆಯ ಟೆಂಟು ಒಬ್ಬಳ ಬೆನ್ನಿಗೆ ಭಾರ. ಹೊಸದಕ್ಕಾಗಿ ಮೂರು ವಾರ ತಲೆ ಕೆಡಿಸಿಕೊಂಡೆ. ತೀರಾ ಹಗುರವಾದವು ಈರುಳ್ಳಿ ಸಿಪ್ಪೆಯಷ್ಟು ತೆಳು, ಎದ್ದು ಕೂತರೆ ತಲೆ ತಾಗುವಂಥವು. ಕೊನೆಗೆ ಒಂದೂಕಾಲು ಕಿಲೋ ಎಂದು ಬರೆದಿದ್ದ, ಒಬ್ಬರು ಮಲಗುವ ಟೆಂಟು ತರಿಸಿದೆ. ಬರೆದದ್ದನ್ನೆಲ್ಲ ನಂಬುವವಳಲ್ಲ ನಾನು. ನಾನು ಕೆಲಸ ಮಾಡುವ ಮಕರಪುರದ ಕಾರ್ಖಾನೆಗೆ ಒಯ್ದು, ಬಿಡಿಭಾಗ ತೂಗುವ ಯಂತ್ರದ ಮೇಲಿಟ್ಟೆ. ಎಂಬತ್ತು ಗ್ರಾಂ ಸುಳ್ಳು ಹೇಳಿದ್ದರು.

ತಾರಸಿಯಲ್ಲಿ ಕಟ್ಟಿ ನೋಡಿದೆ. ನೆಲಕ್ಕೆ ಪಿಂಗಾಣಿ ಚೂರು ಕೂರಿಸಿದ್ದಾರೆ, ಗೂಟ ಎಲ್ಲಿ ಇಳಿಯಬೇಕು? ಹಗ್ಗಗಳನ್ನು ನೀರಿನ ಕ್ಯಾನುಗಳಿಗೆ ಬಿಗಿದು, ಮೇಲಿಂದ ನಾಲ್ಕು ಬಕೆಟ್ ನೀರು ಸುರಿದೆ. ಒಂದು ಹೊಲಿಗೆ ಜಿನುಗಿತು, ಅದಕ್ಕೆ ಅಂಟು ಹಚ್ಚಿದೆ. ಒಳಗೆ ಮಲಗಿದರೆ ಬಟ್ಟೆ ಎರಡೂ ತೋಳಿಗೆ ತಾಗಿತು. ಹೊರಳಿ ಮಾತಾಡಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಪ್ಪಳ ಒಣಹಾಕಲು ಬಂದಿದ್ದ ಪಕ್ಕದ ಮನೆಯ ಮಾಸಿ, ಒಬ್ಬಳೇ ಹೋಗ್ತೀಯಾ ಬೇಟಾ, ಎಂದು ಹಿಂದಿಯಲ್ಲಿ ಕೇಳಿದರು. ಗೆಳತಿ ಬರುತ್ತಾಳೆ ಎಂದುಬಿಟ್ಟೆ. ಅವರು ಸಮಾಧಾನದಿಂದ ಕೆಳಗಿಳಿದರು. ನನಗೆ ನಾಚಿಕೆಯಾಯಿತು.

ಮುಂದಿನ ಭಾನುವಾರ, ನಿಜವಾದ ಮಣ್ಣು ಗಾಳಿಯಲ್ಲಿ ಪರೀಕ್ಷಿಸೋಣವೆಂದು ಊರ ಹತ್ತಿರದ ಪಾವಾಗಢ ಬೆಟ್ಟದ ಬುಡಕ್ಕೆ ಹೋದೆ. ಚೀಲ ಬಿಚ್ಚಿದರೆ ಬಟ್ಟೆ ಇದೆ, ಗೂಟ ಇವೆ, ಹಗ್ಗ ಇದೆ. ಕೋಲುಗಳಿಲ್ಲ. ತಾರಸಿಯಿಂದ ಇಳಿಸಿದ ದಿನ ಅವನ್ನು ಮಡಚಿ, ಮೊದಲು ಅವಳ ಚೀಲ ಇರುತ್ತಿದ್ದ ಬಾಗಿಲ ಹಿಂದಿನ ಮೂಲೆಯಲ್ಲಿ ನಾನೇ ಇಟ್ಟಿದ್ದೆ. ಐದು ವರ್ಷದ ರೂಢಿ. ಕೈ ತನ್ನ ಪಾಡಿಗೆ ತಾನು ಪಾಲು ಮಾಡಿತ್ತು.

ಅವಳಿಗೆ ಫೋನ್ ಮಾಡಿದೆ. "ಕೋಲು ಮನ್ಯಾಗ ಬಿಟ್ಟು ಬಂದೇನಿ ನೋಡು."

ಬಿದ್ದು ಬಿದ್ದು ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು, "ನನ್ನ ಚೀಲದಾಗ ಅದಾವ ಅಂತ ತಿಳ್ಕೊಂಡಿದ್ದಿ ಏನ?"

ನನಗೆ ಅಳು ಬಂತು. ಏನೋ ನೆಪ ಹೇಳಿ ಫೋನ್ ಇಟ್ಟೆ. ಟೆಂಟಿನ ಬಟ್ಟೆಯನ್ನೇ ನೆಲಕ್ಕೆ ಹಾಸಿ ಬುತ್ತಿ ಬಿಚ್ಚಿದೆ. ಮೆಂತ್ಯ ಸೊಪ್ಪಿನ ಥೇಪ್ಲಾ ರೊಟ್ಟಿಗಳನ್ನೂ ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಬಂದಿದ್ದೆ.

ಸಂಜೆ ಮೆಟ್ಟಿಲಲ್ಲಿ ಮಾಸಿ ಸಿಕ್ಕರು. ಗೆಳತಿ ಬಂದಿದ್ದಳಾ ಎಂದು ಕೇಳಿದರು.

"ಬರಲಿಲ್ಲ ಮಾಸಿ. ಇನ್ನು ಬರುವುದೂ ಇಲ್ಲ," ಎಂದೆ. "ನಾನೊಬ್ಬಳೇ ಹೋಗ್ತೀನಿ."

ಒಳಗೆ ಹೋದವಳು ದೀಪವನ್ನೂ ಹಾಕದೆ, ಬಾಗಿಲ ಹಿಂದಿನ ಕೋಲುಗಳನ್ನು ತೆಗೆದು ನನ್ನ ಚೀಲಕ್ಕೆ ಹಾಕಿದೆ.