ಶಾಂತಲಿಂಗಪ್ಪನ ತಯಾರಿ
ಸರಸಂಬಾದ ಶಾಂತಲಿಂಗಪ್ಪ ಮದುವೆ ಮೆರವಣಿಗೆಗೆ ಕುದುರೆ ಒಯ್ಯುವವನು. ಅವನ ಹೆಣ್ಣುಕುದುರೆ ಚಾಂದನಿಗೆ ವಯಸ್ಸಾಗಿರುವುದರಿಂದ ಎಳೆಯದೊಂದನ್ನು ಕೊಳ್ಳುವುದಂತೂ ಖಚಿತ, ಆದರೆ ಅದನ್ನು ಪಳಗಿಸುವಷ್ಟು ಅನುಭವ ತನಗಿದೆಯೋ ಇಲ್ಲವೋ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಖಜೂರಿಯಲ್ಲಾಗಲಿ ಇಜೇರಿಯಲ್ಲಾಗಲಿ ಕುದುರೆಮರಿ ಮಾರಾಟಕ್ಕಿದೆ ಎಂದರೆ ತಲೆಗೆ ಪಟಗಾ ಸುತ್ತಿಕೊಂಡು ಮೊದಲು ಹಾಜರಾಗುವವನು ಅವನೇ. ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಬಡಿದು ಕಿವಿಗೊಡುತ್ತಾನೆ, ಮಾಲೀಕನ ಚಹಾ ಕುಡಿಯುತ್ತಾನೆ, ಕೊನೆಗೆ "ಮರಿ ಏಕದಮ್ ಬರೋಬ್ಬರಿ ಅದ ನೋಡ್ರಿ, ನಾನೇ ಇನ್ನಾ ತಯಾರಾಗಿಲ್ಲ" ಎಂದು ಎದ್ದು ಬರುತ್ತಾನೆ. ಎಳೆಯ ಕುದುರೆ ಮದುವೆಯ ಸದ್ದಿಗೆ ಬೆಚ್ಚುತ್ತದೆ, ಅದನ್ನು ಹಿಡಿಯುವವನು ಬೆಚ್ಚಬಾರದು ಎಂಬುದು ಅವನ ಸಿದ್ಧಾಂತ. ಅದಕ್ಕಾಗಿ ಮನೆಮುಂದಿನ ಕಲ್ಲುಕಟ್ಟೆಗೆ ಜೀನು ಬಿಗಿದು ಕೂತು, ಮೊಬೈಲಿನಲ್ಲಿ ಬ್ಯಾಂಡು ಹಚ್ಚಿ, "ಹೋ ಬೇಟಾ, ಅಂಜಬ್ಯಾಡ" ಎಂದು ಕಟ್ಟೆಗೆ ಸಮಾಧಾನ ಹೇಳುತ್ತಾನೆ. "ಗಟ್ಟಿ ಹಿಡೀರಿ, ಕಟ್ಟಿ ಕೆಡವೀತು" ಎನ್ನುತ್ತಾಳೆ ಹೆಂಡತಿ ಗೌರಾಬಾಯಿ, ರೊಟ್ಟಿ ಬಡಿಯುತ್ತಲೇ. ಮೊನ್ನೆ ಪಟಾಕಿ ಪರೀಕ್ಷೆಯೂ ಆಯಿತು. ತಾನೇ ಸರ ಹಚ್ಚಿದ, ತಾನೇ ಬೆಚ್ಚಿ ಓಡಿಹೋಗಿ ಚಾಂದನಿಯ ಮರೆಯಲ್ಲಿ ಕುಕ್ಕರಿಸಿದ. ಮುದಿ ಕುದುರೆ ಕಿವಿಯನ್ನೂ ಅಲುಗಿಸದೆ ಮೇವು ತಿನ್ನುತ್ತ ನಿಂತಿತ್ತು. ಗೌರಾಬಾಯಿ ನಕ್ಕು ನಕ್ಕು ಸುಸ್ತಾಗಿ, "ಇಷ್ಟ್ ವರ್ಷ ಮೆರವಣಿಗ್ಯಾಗ ಕುದುರಿ ಹೆಂಗ್ ಹಿಡದ್ರಿ ಮತ್ತ?" ಎಂದಳು. ಶಾಂತಲಿಂಗಪ್ಪ ಚಾಂದನಿಯ ಕೊರಳ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದ: "ನಾ ಎಲ್ಲಿ ಹಿಡದೇನಿ? ಪಟಾಕಿ ಹೊಡದಾಗೆಲ್ಲ ಆಕಿನೇ ನನ್ನ ಹಿಡಕೊಂಡ್ ನಿಂತಾಳ."