ಬರ್ಬೀಸ್‌ನ ಎರಡು ದಿನ

ಕೋವಿಡ್ ಕಳೆದ ಮರುವರ್ಷ ನಾವು ಗಯಾನಾಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ಆಸೆ ಹುಟ್ಟಿದ್ದು ಎಂಟನೇ ಕ್ಲಾಸಿನ ಮಗಳಿಂದ. ದಕ್ಷಿಣ ಅಮೆರಿಕದ ಆ ಪುಟ್ಟ ದೇಶದ ಬಗ್ಗೆ ಶಾಲೆಗೆ ಒಂದು ಪ್ರಾಜೆಕ್ಟ್ ಮಾಡಿದ್ದಳು. ಕಬ್ಬಿನ ತೋಟಕ್ಕೆ ಕೂಲಿಗಳಾಗಿ ಹೋದ ಭಾರತೀಯರ ವಂಶದವರು, ಆಫ್ರಿಕಾದಿಂದ ಗುಲಾಮರಾಗಿ ಬಂದವರ ಪೀಳಿಗೆಯವರು, ಕಾಡಿನ ಮೂಲನಿವಾಸಿಗಳು, ಎಲ್ಲರೂ ಅಲ್ಲಿದ್ದಾರೆಂದು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಅಮೆರಿಕದಲ್ಲಿ ನಾವಿರುವ ಊರು ರ್ಯಾಂಚೊ ಪೆನಾಸ್ಕಿಟೋಸ್; ಅಲ್ಲಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾನು ಹದಿನಾಲ್ಕು ದಿನಗಳ ಪ್ಲ್ಯಾನ್ ಬರೆಯುತ್ತ ಕೂತೆ.

ಅದೇ ತಿಂಗಳು, ಎರಡು ಮೂರು ತಾಸು ದೂರದ ಕ್ಯಾಲಬಾಸಸ್ ಊರಿನ ದೇವಸ್ಥಾನಕ್ಕೆ ಹೋದಾಗ ಒಬ್ಬ ಆಂಟಿಯ ಪರಿಚಯವಾಯಿತು. ಪ್ರಸಾದದ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದರು. ಎಪ್ಪತ್ತು ದಾಟಿದವರು, ನರ್ಸ್ ಕೆಲಸದಿಂದ ನಿವೃತ್ತರಾದವರು. ಮುಖ ನೋಡಿ ತಮಿಳರಿರಬೇಕು ಅಂದುಕೊಂಡೆ.

"ನಾನು ಗಯಾನಾದವಳು," ಎಂದರು ಇಂಗ್ಲಿಷಿನಲ್ಲಿ. "ನಮ್ಮ ಮುತ್ತಜ್ಜಿ ಮದರಾಸಿನಲ್ಲಿ ಹಡಗು ಹತ್ತಿದಳಂತೆ. ಯಾವ ಊರಿನವಳೋ ಗೊತ್ತಿಲ್ಲ."

ನಮ್ಮ ಪ್ರವಾಸದ ಸುದ್ದಿ ಕೇಳಿ ನನ್ನ ಕೈ ಹಿಡಿದವರು, ಮನೆಗೆ ಬರುತ್ತೇವೆ ಎನ್ನುವವರೆಗೂ ಬಿಡಲಿಲ್ಲ.

ಎರಡು ವಾರ ಬಿಟ್ಟು ಒಂದು ಶನಿವಾರ ನಾವು ಮೂವರೂ ಡ್ರೈವ್ ಮಾಡಿಕೊಂಡು ಕಲ್ವರ್ ಸಿಟಿಯ ಅವರ ಮನೆಗೆ ಹೋದೆವು. ಆಂಟಿ ನಮಗಾಗಿ ಕೈಯಲ್ಲೇ ಗಯಾನಾದ ಒಂದು ನಕ್ಷೆ ಬರೆದಿಟ್ಟಿದ್ದರು. ಬರ್ಬೀಸ್ ಎಂಬ ಸೀಮೆಯಲ್ಲಿ ಅವರ ತಂಗಿಯ ಮನೆ.

"ಎರಡು ದಿನ ಅಲ್ಲೇ ಇರಿ, ಹೋಟೆಲು ಬೇಡ. ನಮ್ಮ ಹಿರಿಯರು ಕಟ್ಟಿದ ಮಾರಿಯಮ್ಮನ ಗುಡಿ ಇದೆ. ಪೂಜೆ ನೋಡಿಕೊಂಡು ಬನ್ನಿ."

ಪೂಜೆಯ ಕೊನೆಗೆ ಕೋಳಿ ಬಲಿ ಕೊಡುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಆಮೇಲೆ ನಮ್ಮೆದುರಿಗೇ ಕೂತು ಕಪ್ಪಿಗೆ ಚಹಾ ಸುರಿಯತೊಡಗಿದರು. ನಾನು ಮುಖದ ಮೇಲಿನ ನಗುವನ್ನು ಹಾಗೇ ಇಟ್ಟುಕೊಂಡು ಗಂಡನಿಗೆ ಕನ್ನಡದಲ್ಲಿ ಅಂದೆ:

"ಇವರದೇನ್ ಹಿಂದೂ ಧರ್ಮರೀ, ಗುಡಿಯೊಳಗ ಕೋಳಿ ಕೊಯ್ತಾರಂತ. ಅಂಥಾ ಮನ್ಯಾಗ ಉಣ್ಣೂದ್ ಹ್ಯಾಂಗ? ಆ ಎರಡ್ ದಿನ ಪ್ಲ್ಯಾನಿಂದ ತಗದ್ ಬಿಡೋಣು. ಈಗ ಸುಮ್ನ ಹ್ಞೂಂ ಅನ್ರಿ."

ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳು ನನ್ನತ್ತ ತಿರುಗಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲೇ ಕೇಳಿದಳು: "ಅಮ್ಮಾ, ಕೋಳಿ ಬಲಿ ಕೊಟ್ಟರೆ ಅವರು ಹಿಂದೂಗಳಲ್ಲವಾ? ಅವರ ಮನೆಯಲ್ಲಿ ಯಾಕೆ ಊಟ ಮಾಡಬಾರದು?"

ಆಂಟಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟರು. ನನ್ನ ಗಂಡ ನೆಲ ನೋಡುತ್ತ ಕೂತರು.

"ತಮಾಷೆಗೆ ಅಂದದ್ದು," ಎಂದೆ ನಾನು.

ಆಂಟಿ ಸಿಟ್ಟಾಗಲಿಲ್ಲ. "ನೀವು ಮಾಂಸ ತಿನ್ನುವುದಿಲ್ಲ ಅಂತ ತಂಗಿಗೆ ಆಗಲೇ ಹೇಳಿದ್ದೇನೆ," ಎಂದರು ಮೆಲ್ಲಗೆ. "ನಿಮಗಾಗಿ ಬೇರೆ ಪಾತ್ರೆ ಕೊಂಡು ತಂದಿದ್ದಾಳೆ. ಯಾವ ತರಕಾರಿ ಇಷ್ಟ ಅಂತ ಕೇಳು ಎಂದು ಬೆಳಿಗ್ಗೆ ಕೂಡ ಫೋನ್ ಮಾಡಿದ್ದಳು." ಹಾಗೆಂದು ಬಿಸ್ಕೆಟ್ ತಟ್ಟೆಯನ್ನು ಮಗಳ ಕಡೆ ಸರಿಸಿದರು.

ಕಾರಿನಲ್ಲಿ ನಾನು ಬೈದದ್ದು ಮಗಳನ್ನು. "ದೊಡ್ಡವರ ಮುಂದ ಹಂಗ ಕೇಳ್ತಾರೇನು?" ಅವಳು ಕಿಟಕಿಯಾಚೆ ನೋಡುತ್ತ ಕೂತಳು.

ನಾನು ಯಾರಿಗೂ ಹೇಳದ ಸಂಗತಿ ಒಂದಿತ್ತು. ಚಿಕ್ಕವಳಿದ್ದಾಗ ನನಗೆ ಟೈಫಾಯ್ಡ್ ಆಗಿತ್ತು. ಅಜ್ಜಿ ದ್ಯಾಮವ್ವನಿಗೆ ಕೋಳಿ ಹರಕೆ ಹೊತ್ತಿದ್ದಳು. ನಾನು ಹುಷಾರಾದ ಮೇಲೆ ಹರಕೆ ತೀರಿಸಿ, ಆ ಕೋಳಿಯ ಸಾರನ್ನು ತನ್ನ ಕೈಯಾರೆ ನನಗೆ ಉಣಿಸಿದ್ದಳು. ಮದುವೆಯಾಗಿ ಮಾಂಸ ತಿನ್ನದವರ ಮನೆ ಸೇರಿದ ಮೇಲೆ ನಾನೂ ಬಿಟ್ಟೆ. ಇಲ್ಲಿಗೆ ಬಂದ ಮೇಲಂತೂ, ಕನ್ನಡದ ಗೆಳತಿಯರ ನಡುವೆ, ನಮ್ಮ ತವರಿನಲ್ಲಿ ಅಂಥದ್ದು ಇರಲೇ ಇಲ್ಲವೆನ್ನುವಂತೆ ಇದ್ದೆ.

ಎಂಟು ದಿನ ಒದ್ದಾಡಿ ಆಂಟಿಗೆ ಫೋನ್ ಮಾಡಿದೆ. "ಅವತ್ತು ಅಂದದ್ದು ತಮಾಷೆ ಆಗಿರಲಿಲ್ಲ, ನನ್ನದು ತಪ್ಪಾಯಿತು," ಎಂದು ಅಜ್ಜಿಯ ಹರಕೆಯ ವಿಷಯವನ್ನೂ ಹೇಳಿದೆ.

"ಇದನ್ನು ಮೊದಲೇ ಹೇಳಿದ್ದರೆ, ನಮ್ಮವರೇ ಬರುತ್ತಿದ್ದಾರೆ ಅಂತ ತಂಗಿಗೆ ಹೇಳುತ್ತಿದ್ದೆ," ಎಂದರು.

ನಾವು ಈಗಲೂ ಅಲ್ಲಿ ಉಳಿಯಬಹುದೇ ಎಂದು ಕೇಳಿದೆ.

"ಬೇಡಮ್ಮ. ನೀವು ಬರುವುದಿಲ್ಲ ಅಂತ ತಂಗಿಗೆ ಹೇಳಿಬಿಟ್ಟಿದ್ದೇನೆ. ಯಾಕೆ ಅಂತ ಹೇಳಿಲ್ಲ."

ಅಂದು ಸಂಜೆ ಮಗಳಿಗೂ ಎಲ್ಲವನ್ನೂ ಹೇಳಿದೆ. ಬೈದದ್ದಕ್ಕೆ ಕ್ಷಮೆ ಕೇಳಿದೆ. ಅವಳು ಸ್ವಲ್ಪ ಯೋಚಿಸಿ, ಸಾರು ಹೇಗಿತ್ತು ಎಂದು ಕೇಳಿದಳು. ಚೆನ್ನಾಗಿತ್ತು ಎಂದೆ.

ಬೇಸಿಗೆ ರಜೆಯಲ್ಲಿ ಗಯಾನಾಕ್ಕೆ ಹೋಗಿ ಬಂದೆವು. ಜಲಪಾತ ನೋಡಿದೆವು, ಕಾಡಿನ ಹಳ್ಳಿಯಲ್ಲಿ ಮೂರು ದಿನ ಇದ್ದೆವು. ಕೊನೆಗೆ ರಾಜಧಾನಿ ಜಾರ್ಜ್‌ಟೌನ್‌ನಲ್ಲಿ, ಬರ್ಬೀಸ್‌ಗೆಂದು ಇಟ್ಟಿದ್ದ ಎರಡು ದಿನ ಖಾಲಿ ಉಳಿದವು.

"ಬರ್ಬೀಸ್ ಇಲ್ಲಿಂದ ದೂರ ಇಲ್ಲ. ಕಾರ್ ಮಾಡ್ಕೊಂಡ್ ಹೋಗಿ ಗುಡಿನಾದ್ರೂ ನೋಡಿ ಬರೋಣೇನು?" ಎಂದು ನನ್ನ ಗಂಡ ಕೇಳಿದರು.

ಆಂಟಿಯ ನಕ್ಷೆಯಿಂದ ಊರಿನ ಹೆಸರು ಗೊತ್ತಿತ್ತು, ದಾರಿಯೂ ಗೊತ್ತಿತ್ತು. ಆ ಬೀದಿಯಲ್ಲಿ ಎದುರಾದ ಹೆಂಗಸು ಆಂಟಿಯ ತಂಗಿಯೇ ಆಗಿದ್ದು, ಎಲ್ಲಿಂದ ಬಂದಿರಿ ಎಂದು ಕೇಳಿದರೆ ಏನು ಹೇಳಲಿ? ತಲೆನೋವೆಂದು ಹೇಳಿ ಹೋಟೆಲಿನಲ್ಲೇ ಉಳಿದೆ.